ಎಸ್ಟಿಮೇಟ್ ಬರೆಯುವ ಮೊದಲು ಒಂದು ಸಲ ನಡೆದು ಬನ್ನಿ

ಬೆಂಗಳೂರಿನ ಐದೂ ನಗರಪಾಲಿಕೆಗಳ ವಾರ್ಡ್ ಇಂಜಿನಿಯರ್‌ಗಳಿಗೆ, ಅವರ ಮೇಲಿನ ಅಧಿಕಾರಿಗಳಿಗೆ, ಮತ್ತು ಈ ಊರಲ್ಲಿ ನಡೆದೇ ಓಡಾಡುವ ಎಲ್ಲರಿಗೂ,

ನಮಸ್ಕಾರ.

ನಾನು ಹನುಮಂತನಗರದವಳು. ಸರ್ಕಾರಿ ಶಾಲೆಯಲ್ಲಿ 31 ವರ್ಷ ಕನ್ನಡ, ಸಮಾಜ ಪಾಠ ಮಾಡಿ ನಿವೃತ್ತಿಯಾಗಿದ್ದೇನೆ. ನಮ್ಮ ಬೀದಿಗಳ ಫುಟ್‌ಪಾತ್ ವಿಷಯದಲ್ಲಿ ನಿಮ್ಮ ಹತ್ತಿರ ಒಂದು ಕೆಲಸ ಕೇಳುವುದಿದೆ. ಅದಕ್ಕೆ ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಸ್ಕೇಲ್ ಮತ್ತು ಒಂದೆರಡು ಗಂಟೆ ಹೊತ್ತು. ಏನು ಕೆಲಸ ಅಂತ ಹೇಳುವ ಮೊದಲು, ನಾನು ಅದನ್ನು ಎಲ್ಲಿ ಕಲಿತೆ ಅಂತ ಹೇಳಿಬಿಡುತ್ತೇನೆ.

2010ರ ಬೇಸಿಗೆ ರಜೆಯಲ್ಲಿ ನನ್ನನ್ನು ಜನಗಣತಿಯ ಮನೆಪಟ್ಟಿ ಕೆಲಸಕ್ಕೆ ಹಾಕಿದರು. ಶ್ರೀನಗರದ ಕಡೆಯ ಒಂದು ಬ್ಲಾಕ್ ನನ್ನ ಪಾಲಿಗೆ ಬಂತು. ನಮ್ಮ ಮನೆಯಿಂದ ಹತ್ತು ಹನ್ನೆರಡು ನಿಮಿಷದ ದಾರಿ. ಆ ಬೀದಿಗಳ ತುದಿಯಲ್ಲಿ ನಿಂತು ವರ್ಷಗಟ್ಟಲೆ ಬಸ್ಸಿಗೆ ಕಾದಿದ್ದೆ. ಒಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಮೊದಲು ಬ್ಲಾಕಿನ ನಕ್ಷೆ ಬರೆಯಬೇಕಿತ್ತು. ಕೈಯಲ್ಲೇ. ಪಕ್ಕಾ ಕಟ್ಟಡಕ್ಕೆ ಚೌಕ, ಕಚ್ಚಾ ಕಟ್ಟಡಕ್ಕೆ ತ್ರಿಕೋನ. ಯಾರೂ ವಾಸ ಇಲ್ಲದ ಅಂಗಡಿ, ಗೋಡೌನು ಆದರೆ ಚೌಕದ ಒಳಗೆ ಗೆರೆ ಹೊಡೆಯಬೇಕು. ಯಾವ ಮನೆ ಆದಮೇಲೆ ಯಾವ ಮನೆಗೆ ಹೋಗುತ್ತೇವೆ ಅಂತ ಬಾಣದ ಗುರುತು. ಮೊದಲ ದಿನ ನಾನು ಬೀದಿಯ ತುದಿಯಲ್ಲಿ ನಿಂತು ಕಣ್ಣಳತೆಯಲ್ಲಿ ಬರೆದುಕೊಂಡು ಹೋದೆ. ನಮ್ಮ ಮೇಲ್ವಿಚಾರಕರು, ಅವರೂ ಮೇಷ್ಟ್ರೇ, ಹಾಳೆ ತಿರುಗಿಸಿ ನೋಡಿ, "ಮೇಡಂ, ಇದು ನೋಡಿದ ನಕ್ಷೆ. ನಡೆದ ನಕ್ಷೆ ತನ್ನಿ" ಅಂದರು.

ಮಾರನೆಯ ದಿನ ನಡೆದೆ. ಗೋಡೆ ಅಂತ ಗೆರೆ ಎಳೆದಿದ್ದ ಕಡೆ ಮೂರಡಿ ಅಗಲದ ಒಂದು ಸಂದಿ ಇತ್ತು. ಅದರ ಒಳಗೆ ಒಂದು ವಠಾರ. ಒಂಬತ್ತು ಮನೆ, ಮಧ್ಯೆ ಒಂದು ಸಂಪು, ಒಂದು ತುಳಸಿ ಕಟ್ಟೆ. ಗೋಡೌನು ಅಂದುಕೊಂಡಿದ್ದ ಶೀಟ್ ಕಟ್ಟಡದ ಒಳಗೆ ಆರು ಜನ ಹೆಂಗಸರು ಕೂತು ಊದುಬತ್ತಿ ಹೊಸೆಯುತ್ತಿದ್ದರು. ಇಡೀ ಬೀದಿಗೆ ಬರುತ್ತಿದ್ದ ಆ ವಾಸನೆ ಎಲ್ಲಿಂದ ಅಂತ ಆವತ್ತು ಗೊತ್ತಾಯಿತು. ಮೂರನೇ ಕ್ರಾಸಿಗೂ ನಾಲ್ಕನೇ ಕ್ರಾಸಿಗೂ ನಡುವೆ ಮೆಟ್ಟಿಲು ಇದ್ದವು. ಅಲ್ಲಿ ಗಾಡಿ ಹೋಗುವುದಿಲ್ಲ, ಹಾಗಾಗಿ ಗಾಡಿಯಲ್ಲಿ ಓಡಾಡುವ ಯಾರಿಗೂ ಆ ದಾರಿ ಇದೆ ಅಂತಲೇ ಗೊತ್ತಿರಲಿಲ್ಲ.

ಆಮೇಲೆ ಪ್ರಶ್ನೆಗಳು. ಒಟ್ಟು 35. ನೆಲ ಎಂಥದ್ದು, ಸೂರು ಎಂಥದ್ದು, ಕುಡಿಯುವ ನೀರು ಎಲ್ಲಿಂದ, ಶೌಚಾಲಯ ಇದೆಯಾ, ಅಡುಗೆಗೆ ಗ್ಯಾಸಾ ಸೌದೆಯಾ, ರೇಡಿಯೋ ಇದೆಯಾ, ಸೈಕಲ್ ಇದೆಯಾ. ಎಲ್ಲ ಕೇಳಿದೆವು. ಕೊನೆಯ ದಿನ ಫಾರಂಗಳನ್ನು ಕಟ್ಟಿ ಕೊಟ್ಟು ಬರುವಾಗ ನನಗೆ ಒಂದು ವಿಷಯ ಹೊಳೆಯಿತು. ಗೇಟಿನ ಹೊರಗೆ ಬಂದರೆ ಕಾಲಿಡಲು ಜಾಗ ಇದೆಯಾ ಅಂತ ಕೇಳುವ ಕಾಲಂ ಎಲ್ಲೂ ಇರಲಿಲ್ಲ.

ಆಗ ಹತ್ತಿದ ನಡೆಯುವ ರೂಢಿ ಇನ್ನೂ ಬಿಟ್ಟಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡುತ್ತೇನೆ. ಪಾರ್ಕಿನಲ್ಲಿ ಸುತ್ತು ಹೊಡೆಯುವ ವಾಕಿಂಗ್ ಇದಲ್ಲ. ಸುಮ್ನೆ ಯಾವುದೋ ಒಂದು ಬೀದಿ ಹಿಡಿದು, ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಹೋಗುವುದು. ಪೇಪರ್‌ನಲ್ಲಿ ಹೆಸರು ಬರುವ ಬೀದಿಗಳಿಗಿಂತ ಬರದ ಬೀದಿಗಳೇ ನನಗೆ ಇಷ್ಟ. 'ಎರಡನೇ ಮೇನ್, ನಾಲ್ಕನೇ ಎ ಕ್ರಾಸ್, ಗಣಪತಿ ದೇವಸ್ಥಾನದ ಹಿಂದೆ, ಹಾಲಿನ ಬೂತ್ ಪಕ್ಕ' ಅಂತ ವಿಳಾಸ ಹೇಳುತ್ತಾರಲ್ಲ, ಅಂಥವು. ಬೆಂಗಳೂರಿನ ಜಾಸ್ತಿ ಜನ ಇರುವುದು ಅಲ್ಲೇ ಅಲ್ವಾ?

ನನಗೆ ತುಂಬ ಇಷ್ಟವಾದ ಒಂದು ದಾರಿಯನ್ನು ನಿಮಗೆ ಹೇಳಬೇಕು.

ರಾಮಾಂಜನೇಯ ಗುಡ್ಡದ ಕೆಳಗಿಂದ ಗವಿಪುರದ ಕಡೆ ಇಳಿಯಬೇಕು. ಆ ಹೊತ್ತಿಗೆ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿರುತ್ತಾರೆ. ಫುಟ್‌ಪಾತ್ ಇಲ್ಲದ ಬೀದಿಯಲ್ಲಿ ರಂಗೋಲಿ ರಸ್ತೆಯ ಮೇಲೇ ಬಂದಿರುತ್ತದೆ, ಏಳು ಗಂಟೆಗೆ ಮೊದಲ ಗಾಡಿ ಅದರ ಮೇಲೆ ಹೋಗುತ್ತದೆ. ಈ ಬೀದಿಗಳಲ್ಲಿ ನೀವು ಒಂದು ವಸ್ತುವನ್ನು ಗಮನಿಸಿ: ಒರಳುಕಲ್ಲು. ಮಿಕ್ಸಿ, ಗ್ರೈಂಡರ್ ಬಂದಮೇಲೆ, ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿದ ಮೇಲೆ, ಅದನ್ನು ಯಾರೂ ಒಳಗೆ ಇಟ್ಟುಕೊಳ್ಳಲಿಲ್ಲ. ಎಸೆಯಲೂ ಮನಸ್ಸು ಬರಲಿಲ್ಲ. ಹಾಗಾಗಿ ಹೊಂಗೆ ಮರದ ಬುಡದಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ, ಅರಳಿ ಕಟ್ಟೆಯ ನಾಗರಕಲ್ಲುಗಳ ಹತ್ತಿರ ತಂದು ಇಟ್ಟಿದ್ದಾರೆ. ಮಳೆ ಬಂದ ಮಾರನೆಯ ದಿನ ಅದರ ಗುಂಡಿಯಲ್ಲಿ ನೀರು ನಿಂತಿರುತ್ತದೆ. ಗೊರವಂಕ ಬಂದು ಅಂಚಿನ ಮೇಲೆ ಕೂತು ಕುಡಿಯುತ್ತದೆ. ಒಂದು ಕಲ್ಲಿನ ಅಂಚು ಒಂದೇ ಕಡೆ ಸವೆದಿತ್ತು. ಎಷ್ಟು ವರ್ಷ ಯಾರೋ ಒಬ್ಬರು ಅದೇ ಮಗ್ಗುಲಲ್ಲಿ ಕೂತು ರುಬ್ಬಿರಬೇಕು. ಹೀಗೆ ಒಂದು ಬೆಳಿಗ್ಗೆ ಎಣಿಸಿದಾಗ 23 ಒರಳುಕಲ್ಲು ಸಿಕ್ಕಿದವು.

ಗವಿಪುರದಲ್ಲಿ ಗವಿ ಗಂಗಾಧರೇಶ್ವರ. ಸಂಕ್ರಾಂತಿ ದಿನ ಸಂಜೆ ನಂದಿಯ ಕೊಂಬುಗಳ ನಡುವೆ ಬಿಸಿಲು ಒಳಗೆ ಬಂದು ಲಿಂಗದ ಮೇಲೆ ಬೀಳುವುದನ್ನು ಟಿವಿಯಲ್ಲಿ ಎಲ್ಲರೂ ನೋಡಿರುತ್ತಾರೆ. ಉಳಿದ ದಿನ ಅಲ್ಲಿ ಬೀದಿಯವರೇ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನುವ ದೊಡ್ಡ ಕಲ್ಲಿನ ತಟ್ಟೆಗಳು ಕಂಬದ ಮೇಲೆ ನಿಂತಿವೆ. ಅದರ ನೆರಳಲ್ಲಿ ಪಕ್ಕದ ಬೀದಿಯ ಮಕ್ಕಳು ಆಡುತ್ತಿರುತ್ತಾರೆ. ಅಲ್ಲಿಂದ ಕೆಂಪಾಂಬುಧಿ ಕೆರೆ, ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದು ಅಲ್ಲೇ ಇದೆ. ಹಾಗೇ ಚಾಮರಾಜಪೇಟೆ. ಅಲ್ಲಿ ಇನ್ನೂ ಕೆಲವು ಮನೆಗಳಿಗೆ ಜಗಲಿ ಉಳಿದಿದೆ. ಜಗಲಿ ಅಂದರೆ ಮನೆಯವರು ದಾರಿಹೋಕರಿಗೆ ಅಂತ ಬಿಟ್ಟುಕೊಟ್ಟ ಜಾಗ. ಬಿಸಿಲಿಗೆ ಕೂತು ಎದ್ದು ಹೋಗಬಹುದು, ಯಾರೂ ಕೇಳುವುದಿಲ್ಲ. ಈಗ ಕಟ್ಟುವ ಮನೆಗಳು ಇದರ ಉಲ್ಟಾ. ಕಾರಿಗೆ ಅಂತ ಬೀದಿಯ ಜಾಗವನ್ನೇ ಎರಡಡಿ ಒಳಗೆ ಎಳೆದುಕೊಳ್ಳುತ್ತವೆ.

ಸಿರ್ಸಿ ಸರ್ಕಲ್ ಫ್ಲೈಓವರ್ ಕೆಳಗೆ ದಾಟಿ ಮಾರ್ಕೆಟ್ ಹತ್ತಿರ ಬಂದರೆ ಅಲ್ಲಿಂದ ಪೇಟೆ ಶುರು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಇದೇ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಕಡೆಯಿಂದ ನಾಲ್ಕು ದಿಕ್ಕಿಗೆ ಎತ್ತು ಕಟ್ಟಿ ಉಳುಮೆ ಗೆರೆ ಎಳೆಸಿದರು, ಆ ಗೆರೆಗಳೇ ಬೀದಿಗಳಾದವು ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಎತ್ತಿನ ನಡಿಗೆಯಲ್ಲಿ ಅಳೆದ ಊರು. ಅದಕ್ಕೇ ಇರಬೇಕು, ಇಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ನಡೆಯುವಷ್ಟೇ ದೂರ. ಹೆಸರುಗಳನ್ನು ನೋಡಿ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಸಮಾಜ ಪಾಠದಲ್ಲಿ ಒಂದು ಗಂಟೆ ಹೇಳಿದರೂ ಮಕ್ಕಳಿಗೆ ತಲೆಗೆ ಹೋಗದ್ದು ಈ ಬೋರ್ಡ್‌ಗಳನ್ನು ಓದಿಸಿಕೊಂಡು ನಡೆದರೆ ಹೋಗುತ್ತದೆ. ಬಳೇಪೇಟೆಯಲ್ಲಿ ಈಗ ಹಾರ್ಮೋನಿಯಂ, ತಬಲ ಅಂಗಡಿಗಳ ಸಾಲು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ. ಅವೆನ್ಯೂ ರೋಡಿನಲ್ಲಿ ಪುಸ್ತಕ. ಕಬ್ಬನ್‌ಪೇಟೆಯ ಕೆಲವು ಗಲ್ಲಿಗಳಲ್ಲಿ ನಿಂತು ಕಿವಿ ಕೊಟ್ಟರೆ ಮುಚ್ಚಿದ ಬಾಗಿಲ ಹಿಂದೆ ಮಗ್ಗದ ಸದ್ದು ಈಗಲೂ ಕೇಳಿಸುತ್ತದೆ.

ವರ್ಷಕ್ಕೆ ಒಂದು ರಾತ್ರಿ ಈ ಬೀದಿಗಳ ಬೆಲೆ ಇಡೀ ಊರಿಗೆ ಗೊತ್ತಾಗುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯ ಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಕೈಯಲ್ಲಿ ಮುಟ್ಟದೆ ತಲೆಯ ಮೇಲೆ ಕರಗ ಹೊತ್ತವರು, ಸುತ್ತ ಕತ್ತಿ ಹಿಡಿದ ವೀರಕುಮಾರರು, ಪೇಟೆಯ ಗಲ್ಲಿ ಗಲ್ಲಿ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ, ಬೆಳಗಾಗುವ ಹೊತ್ತಿಗೆ ಗುಡಿ ಸೇರುತ್ತಾರೆ. ಬೆಂಗಳೂರಿನ ಅತಿ ದೊಡ್ಡ ಉತ್ಸವ ಅಂದರೆ ರಾತ್ರಿಯಿಡೀ ನಡೆಯುವುದು. ತೇರಿಗೂ ಸಿಗದ ಸಂದಿಗಳಲ್ಲಿ ಹೋಗುವುದು. ಪ್ರತಿ ಸಲ ಕರಗ ನೋಡುವಾಗ ನನ್ನ ಕಣ್ಣು ಅವರ ಪಾದದ ಕಡೆಗೇ ಹೋಗುತ್ತದೆ. ನೆಲ ಸಮ ಇರಲಿ ದೇವರೇ ಅಂತ ಬೇಡಿಕೊಳ್ಳುತ್ತೇನೆ.

ಪೇಟೆಯಿಂದ ಹೊರಗೆ ಬಂದರೆ ಇನ್ನೊಂದು ಥರದ ಬೀದಿ. 1898ರಲ್ಲಿ ಪ್ಲೇಗ್ ಬಂದಾಗ ಜನ ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿಗೆ, ಮಲ್ಲೇಶ್ವರಕ್ಕೆ ಬಂದರು. ಅಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಮಲ ಹೊರುವ ಗಾಡಿ ಮನೆ ಮುಂದೆ ಬರಬಾರದು ಅಂತ. ಮನುಷ್ಯರ ಕೈಯಲ್ಲಿ ಮಾಡಿಸಬಾರದ ಆ ಕೆಲಸ ಹೋಯಿತು, ಗಲ್ಲಿಗಳು ಉಳಿದವು. ಎರಡು ಕಡೆ ಹಿತ್ತಲ ಗೋಡೆ, ಗೋಡೆ ಮೇಲೆ ದಾಸವಾಳ, ಬೆಳಿಗ್ಗೆ ನೆಲದ ತುಂಬ ಪಾರಿಜಾತ. ಗಾಡಿ ಗಲಾಟೆ ಇಲ್ಲದೆ ಒಂದು ಮೇನ್‌ನಿಂದ ಇನ್ನೊಂದು ಮೇನ್‌ಗೆ ಹೋಗಲು ಇದಕ್ಕಿಂತ ಒಳ್ಳೆ ದಾರಿ ಬೇಕಾ? ಅವುಗಳಲ್ಲಿ ಎಷ್ಟಕ್ಕೋ ಈಗ ಕಬ್ಬಿಣದ ಗೇಟು ಹಾಕಿದೆ. ಉಳಿದವುಗಳಲ್ಲಿ ಕಸ, ಕೆಟ್ಟು ನಿಂತ ಕಾರು.

ಮರಗಳ ಮಾತು ಚುಟುಕಾಗಿ ಹೇಳುತ್ತೇನೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಒಂದಾದ ಮೇಲೆ ಒಂದು ಮರ ಹೂ ಬಿಡುವ ಹಾಗೆ ಈ ಊರಿನ ಬೀದಿಗಳಿಗೆ ಗಿಡ ಆರಿಸಿದರು. ಹೊಂಗೆ ಹೂವು ಫುಟ್‌ಪಾತ್ ತುಂಬ ಅಕ್ಕಿ ಚೆಲ್ಲಿದ ಹಾಗೆ ಬೀಳುವ ಆ ಎರಡು ವಾರ ಕಾರಿನ ಗಾಜಿನ ಒಳಗಿಂದ ಗೊತ್ತೇ ಆಗುವುದಿಲ್ಲ.

ಈಗ ನಮ್ಮ ಮನೆಯ ವಿಷಯ.

2019ರಲ್ಲಿ ನಮ್ಮ ಅಮ್ಮನಿಗೆ 78 ವರ್ಷ. ಪ್ರತಿ ಶನಿವಾರ ಆಂಜನೇಯನ ಗುಡಿಗೆ ನಡೆದೇ ಹೋಗುತ್ತಿದ್ದಳು. ಮನೆಯಿಂದ ಎಂಟು ನಿಮಿಷ. ಆದರೆ ಅವಳಿಗೆ ಮುಕ್ಕಾಲು ಗಂಟೆ ಬೇಕಿತ್ತು. ಏಕೆಂದರೆ ದಾರಿಯಲ್ಲಿ ಇಸ್ತ್ರಿ ಗಾಡಿಯವರನ್ನು ಮಾತಾಡಿಸಬೇಕು, ಹೂವಿನವಳ ಹತ್ತಿರ ಎರಡು ಮೊಳ ಕಾಕಡ ತಗೊಂಡು ಅವಳ ಮಗಳ ಬಾಣಂತನ ವಿಚಾರಿಸಬೇಕು, ಟೈಲರ್ ಅಂಗಡಿ ಕಟ್ಟೆಯ ಮೇಲೆ ಐದು ನಿಮಿಷ ಕೂರಬೇಕು. ಒಂದು ಶನಿವಾರ ಚಪ್ಪಡಿ ಮೇಲೆ ಕಾಲಿಟ್ಟಳು. ಚಪ್ಪಡಿ ಒಂದು ಕಡೆ ಎದ್ದಿತು. ಅಮ್ಮ ಕೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು.

ಮೊದಲು ಓಡಿ ಬಂದದ್ದು ಇಸ್ತ್ರಿ ಗಾಡಿಯವರು. ಕೆಂಡದ ಪೆಟ್ಟಿಗೆ ಹಾಗೇ ಬಿಟ್ಟು ಬಂದರು. ಹೂವಿನವಳು ತನ್ನ ಸ್ಟೂಲ್ ತಂದು ಕೂರಿಸಿ, ಹೂವಿನ ಬುಟ್ಟಿ ಮೇಲಿನ ಒದ್ದೆ ಬಟ್ಟೆಯನ್ನು ಅಮ್ಮನ ಕೈಗೆ ಸುತ್ತಿದಳಂತೆ. ನಾನು ಹೋಗುವಷ್ಟರಲ್ಲಿ ಆಟೋ ಬಂದಿತ್ತು.

ಆರು ವಾರಕ್ಕೆ ಮೂಳೆ ಕೂಡಿತು. ಅಮ್ಮ ಮತ್ತೆ ಗುಡಿಗೆ ನಡೆದು ಹೋಗಲಿಲ್ಲ. ಗುಡಿಗೆ ಆಟೋದಲ್ಲಿ ಕರೆದುಕೊಂಡು ಹೋಗುತ್ತೇವೆ. ಆದರೆ ಆಟೋ ಇಸ್ತ್ರಿ ಗಾಡಿ ಹತ್ತಿರ ನಿಲ್ಲುವುದಿಲ್ಲ. ಅವಳ ಮುಕ್ಕಾಲು ಗಂಟೆ ಹೋಯಿತು. ಈಗ ಶನಿವಾರ ಸಂಜೆ ಗೇಟಿನವರೆಗೆ ಬರುತ್ತಾಳೆ, ಕಂಬಿ ಹಿಡಿದು ಬೀದಿ ನೋಡುತ್ತಾಳೆ, ಒಳಗೆ ಹೋಗುತ್ತಾಳೆ.

ಆ ಚಪ್ಪಡಿ ಯಾರು ಎತ್ತಿದರು, ಯಾರು ಸರಿಯಾಗಿ ಕೂರಿಸಲಿಲ್ಲ ಅಂತ ಹುಡುಕಲು ಈ ಪತ್ರ ಬರೆಯುತ್ತಿಲ್ಲ. ಅದು ಹೇಗೆ ಆಗುತ್ತದೆ ಅಂತ ನಡೆದು ನಡೆದು ನನಗೇ ಅರ್ಥವಾಗಿದೆ. ನಮ್ಮ ಬೀದಿಗಳಲ್ಲಿ ಫುಟ್‌ಪಾತ್ ಅಂದರೆ ಮೋರಿಯ ಮುಚ್ಚಳ. ಕೆಳಗೆ ಚರಂಡಿ, ಮೇಲೆ ಕಲ್ಲು ಚಪ್ಪಡಿ. ಮಳೆಗಾಲಕ್ಕೆ ಮೊದಲು ಹೂಳು ತೆಗೆಯಬೇಕು ಅಂದರೆ ನಾಲ್ಕು ಜನ ಹಾರೆ ಹಾಕಿ ಚಪ್ಪಡಿ ಎಬ್ಬಿಸಬೇಕು. ಎಬ್ಬಿಸುವಾಗ ಅಂಚು ಒಡೆಯುತ್ತದೆ. ಹೂಳು ಪಕ್ಕದಲ್ಲೇ ಗುಡ್ಡೆ ಬೀಳುತ್ತದೆ, ಒಂದಷ್ಟು ಗೋಡೆಯ ಅಂಚಿನ ಮೇಲೇ ಉಳಿಯುತ್ತದೆ. ಅದರ ಮೇಲೆ ಚಪ್ಪಡಿ ಇಟ್ಟರೆ ಕೂರುವುದಿಲ್ಲ, ಆಡುತ್ತದೆ. ಆ ಭಾರ ಎತ್ತುವವರ ಬೆನ್ನು ನೋಡಿದರೆ ಅವರನ್ನು ಬೈಯಲು ಯಾರಿಗೂ ಬಾಯಿ ಬರಬಾರದು. ತಪ್ಪಿರುವುದು ಲೆಕ್ಕದಲ್ಲಿ. ಮೋರಿಯನ್ನೂ ದಾರಿಯನ್ನೂ ಒಂದೇ ಕಲ್ಲಿನ ಕೈಯಲ್ಲಿ ಮಾಡಿಸಲು ಹೊರಟ ಲೆಕ್ಕದಲ್ಲಿ.

ಅಮ್ಮ ಬಿದ್ದ ಮೇಲೆ ನಾನು ಶಾಲೆಯ ಮರದ ಸ್ಕೇಲನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ನಡೆಯಲು ಶುರು ಮಾಡಿದೆ. 30 ಸೆಂಟಿಮೀಟರ್‌ದು. ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ನಡೆಯುವವರಿಗಾಗಿಯೇ ತಂದ ಮಾರ್ಗಸೂಚಿ ಐಆರ್‌ಸಿ 103 ನಿಮಗೆಲ್ಲ ಗೊತ್ತೇ ಇದೆ. ಫುಟ್‌ಪಾತಿನ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ನನ್ನ ಅರ್ಧ ಸ್ಕೇಲ್. ಅಡ್ಡಿ ಇಲ್ಲದೆ ನಡೆಯಲು ಕಡಿಮೆ ಅಂದರೂ 1.8 ಮೀಟರ್ ಅಗಲ ಇರಬೇಕು. ಅಂದರೆ ಆರು ಸ್ಕೇಲ್. ಲೆಕ್ಕ ಎಷ್ಟು ಸುಲಭ ನೋಡಿ. ಆರು ಅಗಲ, ಅರ್ಧ ಎತ್ತರ.

ನಮ್ಮ ಮನೆ ಸುತ್ತಿನ ಒಂದು ಬೀದಿಯಲ್ಲಿ ಅಂಚಿಗೆ ಸ್ಕೇಲ್ ನಿಲ್ಲಿಸಿದರೆ ಸ್ಕೇಲ್ ಮುಗಿದು ಇನ್ನೂ ನಾಲ್ಕು ಬೆರಳು ಉಳಿಯಿತು. ಮೊಣಕಾಲು ನೋವಿರುವವರು ಅದನ್ನು ಹತ್ತುತ್ತಾರಾ? ಹತ್ತುವುದಿಲ್ಲ, ರಸ್ತೆಗೇ ಇಳಿಯುತ್ತಾರೆ. ಅಗಲ ಒಂದು ಕಡೆ ನಾಲ್ಕು ಸ್ಕೇಲ್, ಮುಂದೆ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದೂವರೆ. ಅದೇ ಬೀದಿಯಲ್ಲಿ 41 ಗೇಟು. ಪ್ರತಿ ಗೇಟಿಗೂ ಕಾರು ಒಳಗೆ ಹೋಗಲು ಫುಟ್‌ಪಾತನ್ನೇ ಇಳಿಜಾರು ಮಾಡಿದ್ದಾರೆ. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ 41 ಸಲ ಇಳಿದು 41 ಸಲ ಹತ್ತಬೇಕು. ಮಾರ್ಗಸೂಚಿ ಹೇಳುವುದು ಇದರ ಉಲ್ಟಾ. ಗೇಟಿನ ಮುಂದೆಯೂ ಫುಟ್‌ಪಾತ್ ಅದೇ ಮಟ್ಟದಲ್ಲಿ ಸಾಗಬೇಕು, ಕಾರು ಅದನ್ನು ಹತ್ತಿ ಇಳಿಯಬೇಕು. ಗಾಲಿಕುರ್ಚಿಯಲ್ಲಿ ಹೋಗುವವರಿಗೆ, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುವ ತಾಯಿಗೆ ಈ ಒಂದು ಬದಲಾವಣೆಯಿಂದ ಬೀದಿಯೇ ಬೇರೆ ಆಗುತ್ತದೆ.

ಒಳ್ಳೆಯ ಕೆಲಸ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಟೆಂಡರ್ ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಿಗೆ ಅಗಲವಾದ ಫುಟ್‌ಪಾತ್ ಬಂತು, ಪೈಪು, ವೈರು ಎಲ್ಲ ನೆಲದ ಕೆಳಗೆ ಹೋದವು. ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿ 2018ರಲ್ಲಿ ತೆರೆದರು. ನಾನು ಅಮ್ಮನನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಕೈ ಬಿಟ್ಟು ಒಬ್ಬಳೇ ನಡೆದಳು. "ಎಷ್ಟು ಚೆನ್ನಾಗಿದೆ ಕಣೇ, ನಮ್ಮ ಬೀದಿಗೆ ಯಾವಾಗ ಬರುತ್ತೆ?" ಅಂತ ಕೇಳಿದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇರುವವರು ನೀವು. ಅಲ್ಲಿಗೆ ನಾವು ವರ್ಷಕ್ಕೊಮ್ಮೆ ಹೋಗುತ್ತೇವೆ. ಹಾಲಿಗೆ, ಶಾಲೆಗೆ, ರೇಷನ್ ಅಂಗಡಿಗೆ, ಬಸ್ ಸ್ಟಾಪಿಗೆ ದಿನಾ ನಡೆಯುವುದು ನಮ್ಮ ನಾಲ್ಕನೇ ಎ ಕ್ರಾಸಿನಲ್ಲಿ. ನಮ್ಮ ಬೀದಿಗೆ ಕಲ್ಲಿನ ಹಾಸು ಬೇಡ, ಅಲಂಕಾರದ ದೀಪ ಬೇಡ. ಆಡದ ಚಪ್ಪಡಿ ಸಾಕು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಕೆಳಗೆ ಬರುವ ಹಕ್ಕು ಅಂತ ಹೇಳಿತು. ಅಂದರೆ ಬದುಕುವ ಹಕ್ಕಿನ ಜೊತೆಗೇ ಇಟ್ಟಿತು. ಆ ಸುದ್ದಿ ಪೇಪರ್‌ನಲ್ಲಿ ಓದಿ ಅಮ್ಮನಿಗೆ ಹೇಳಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಊರಿಗೆ ಒಂದರ ಜಾಗದಲ್ಲಿ ಐದು ನಗರಪಾಲಿಕೆ ಬಂದವು. ಅಧಿಕಾರಿಗಳು ಬೀದಿಗೆ ಇನ್ನಷ್ಟು ಹತ್ತಿರ ಬರುತ್ತಾರೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಫುಟ್‌ಪಾತ್ ಸರಿಮಾಡಿ ಅಂದ ತಕ್ಷಣ ಕೆಲವು ಕಡೆ ಮೊದಲು ಆಗುವ ಕೆಲಸ ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದು. ದಯವಿಟ್ಟು ನನ್ನ ಪತ್ರವನ್ನು ಅದಕ್ಕೆ ಬಳಸಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಬೇಕು ಅನ್ನುತ್ತದೆ. ನಮ್ಮ ಅಮ್ಮನನ್ನು ಎತ್ತಿದ್ದು ಅವರು. ರಾತ್ರಿ ಎಂಟೂವರೆಗೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಧೈರ್ಯವಾಗಿ ಬರುವುದು ಮೂಲೆಯಲ್ಲಿ ಜೋಳ ಸುಡುವವರ ಗಾಡಿಯ ದೀಪ ಇದೆ ಅಂತ. ಸೊಪ್ಪಿನ ಅಜ್ಜಿಗೆ ಒಂದು ಗೋಣಿಚೀಲದಷ್ಟು ಜಾಗ ಸಾಕು. ಅವಳನ್ನು ಎಬ್ಬಿಸಿ, ಪಕ್ಕದಲ್ಲಿ ಫುಟ್‌ಪಾತ್ ಮೇಲೆ ನಿಂತ ಕಾರನ್ನು ಹಾಗೇ ಬಿಟ್ಟರೆ ಅದು ಅನ್ಯಾಯ.

ಈಗ ನಾನು ಕೇಳುವ ಕೆಲಸ.

ನಿಮ್ಮ ವಾರ್ಡಿನ ಯಾವುದೇ ಬೀದಿಗೆ ಎಸ್ಟಿಮೇಟ್ ಬರೆಯುವ ಮೊದಲು ಆ ಬೀದಿಯ ನಡೆದ ನಕ್ಷೆ ಬರೆಯಿರಿ. ಜೀಪಿನಿಂದ ಇಳಿದು ತುದಿಯಲ್ಲಿ ನಿಂತು ನೋಡಿದರೆ ಆಗುವುದಿಲ್ಲ, ನನ್ನ ಮೊದಲ ದಿನದ ನಕ್ಷೆ ಹಾಗೇ ಹಾಳಾಗಿದ್ದು. ಒಂದು ಕಡೆ ಫುಟ್‌ಪಾತಿನಲ್ಲಿ ಹೋಗಿ, ಇನ್ನೊಂದು ಕಡೆ ಬನ್ನಿ. ಜೊತೆಗೆ ಆ ಬೀದಿಯ ಅಜ್ಜಿಯನ್ನೋ, ಕೋಲು ಹಿಡಿದು ನಡೆಯುವವರನ್ನೋ, ಮಗು ಎತ್ತಿಕೊಂಡ ತಾಯಿಯನ್ನೋ ಕರೆದುಕೊಳ್ಳಿ. ಅವರು ಎಲ್ಲಿ ರಸ್ತೆಗೆ ಇಳಿಯುತ್ತಾರೋ ಅಲ್ಲಿ ಒಂದು ಗುರುತು ಹಾಕಿ. ಗಣತಿಯಲ್ಲಿ ನಮಗೆ ಕಲಿಸಿದ ಹಾಗೇ: ಗಟ್ಟಿ ಇರುವ ಕಡೆ ಚೌಕ, ಚಪ್ಪಡಿ ಆಡುವ ಕಡೆ ತ್ರಿಕೋನ. ಅಗಲ ಆರು ಸ್ಕೇಲಿಗಿಂತ ಕಡಿಮೆ ಆದ ಕಡೆ, ಅಂಚು ಅರ್ಧ ಸ್ಕೇಲ್ ಮೀರಿದ ಕಡೆ ಗೆರೆ ಹೊಡೆಯಿರಿ. ಮರ, ಕಟ್ಟೆ, ನಾಗರಕಲ್ಲು, ಒರಳುಕಲ್ಲು, ಹೂವಿನವಳ ಸ್ಟೂಲು, ಇಸ್ತ್ರಿ ಗಾಡಿ ಎಲ್ಲವೂ ನಕ್ಷೆಯಲ್ಲಿ ಬರಲಿ. ಅವುಗಳನ್ನು ಬಿಟ್ಟು ಬರೆದರೆ ಕೆಲಸ ಶುರುವಾದ ದಿನ ಅವೇ ಮೊದಲು ಹೋಗುತ್ತವೆ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆದಾಗ ಸಿಕ್ಕಿದ ಕಿಟ್ಟಯ್ಯನ ವೀರಗಲ್ಲು ಸುಮಾರು 750ನೇ ಇಸವಿಯದು. ಕಲ್ಲು ಅಂತ ಎತ್ತಿ ಪಕ್ಕಕ್ಕೆ ಹಾಕುವ ಮೊದಲು ತಿರುಗಿಸಿ ನೋಡುವ ರೂಢಿ ಈ ಊರಿನಲ್ಲಿ ಅಗೆಯುವವರಿಗೆಲ್ಲ ಬೇಕು.

ಕೆಲಸ ಮುಗಿದ ಮೇಲೆ, ಬಿಲ್ ಪಾಸ್ ಮಾಡುವ ಮೊದಲು, ಅದೇ ಹಾಳೆ ಹಿಡಿದು ಅದೇ ಅಜ್ಜಿಯ ಜೊತೆ ಇನ್ನೊಂದು ಸಲ ನಡೆಯಿರಿ. ತ್ರಿಕೋನಗಳು ಚೌಕ ಆಗಿವೆಯಾ ನೋಡಿ. ನಕ್ಷೆಯನ್ನು ವಾರ್ಡ್ ಆಫೀಸಿನ ಗೋಡೆಗೆ ಅಂಟಿಸಿ, ಬೀದಿಯವರು ಬಂದು ನೋಡಲಿ, ತಪ್ಪಿದ್ದರೆ ಪೆನ್ಸಿಲ್‌ನಲ್ಲಿ ತಿದ್ದಲಿ.

ಇಷ್ಟಕ್ಕೆಲ್ಲ ನಮ್ಮ ಹತ್ತಿರ ಜನ ಎಲ್ಲಿದ್ದಾರೆ ಅಂತ ನೀವು ಕೇಳಬಹುದು. ನಿಮ್ಮ ಮೇಲಿನ ಕೆಲಸದ ಒತ್ತಡ ನನಗೆ ಗೊತ್ತು, ಒಬ್ಬೊಬ್ಬರಿಗೆ ಎಷ್ಟು ಬೀದಿ ಅಂತಲೂ ಗೊತ್ತು. ಒಂದು ವಾರಕ್ಕೆ ಒಂದು ಬೀದಿ ಮಾಡಿ. ಉಳಿದದ್ದಕ್ಕೆ ನಾವಿದ್ದೇವೆ. ಈ ಊರಿನಲ್ಲಿ ಗಣತಿ ಮಾಡಿ ನಿವೃತ್ತರಾದ ಮೇಷ್ಟ್ರುಗಳು, ಟೀಚರ್‌ಗಳು ಎಷ್ಟು ಜನ ಇದ್ದೇವೆ! ಚೌಕ, ತ್ರಿಕೋನ, ಬಾಣ ಎಲ್ಲ ನಮ್ಮ ಕೈಗೆ ಬಂದ ವಿದ್ಯೆ. 2027ರ ಜನಗಣತಿಗೆ ಮೊಬೈಲ್ ಆ್ಯಪ್ ಬಂದಿದೆ, ಹೊಸಬರು ಅದನ್ನು ಕಲಿಯಲಿ. ನಮಗೆ ಹಾಳೆ ಕೊಡಿ, ನಮ್ಮ ನಮ್ಮ ಬೀದಿಯನ್ನು ನಾವು ಬರೆದು ಕೊಡುತ್ತೇವೆ. ಸಂಬಳ ಬೇಡ. ನೀವು ಅದನ್ನು ಓದಬೇಕು, ಒಂದು ಸಲ ನಮ್ಮ ಜೊತೆ ನಡೆಯಬೇಕು, ಅಷ್ಟೇ.

ಮೊದಲ ನಕ್ಷೆ ನಾನೇ ಮಾಡಿದ್ದೇನೆ. ನಮ್ಮ ಮನೆಯ ಗೇಟಿನಿಂದ ಆಂಜನೇಯನ ಗುಡಿಯವರೆಗೆ, ಅಮ್ಮನ ಎಂಟು ನಿಮಿಷದ ದಾರಿ. ಎರಡು ಹಾಳೆ ಅಂಟಿಸಿ ಬರೆದಿದ್ದೇನೆ. ಒಟ್ಟು 17 ತ್ರಿಕೋನ. ಅವಳು ಬಿದ್ದ ಜಾಗ ಹನ್ನೊಂದನೆಯದು. ಹಾಳೆಯನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡಿ, ಟೈಲರ್ ಅಂಗಡಿ ಕಟ್ಟೆ ಬಿಟ್ಟಿದ್ದೀಯಲ್ಲೇ ಅಂದಳು. ಅದನ್ನೂ ಸೇರಿಸಿದ್ದೇನೆ.

ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ರಾಮಾಂಜನೇಯ ಗುಡ್ಡದ ಮೆಟ್ಟಿಲ ಹತ್ತಿರ ಈ ನಕ್ಷೆ ಹಿಡಿದುಕೊಂಡು ಇರುತ್ತೇನೆ. ನಿಮ್ಮಲ್ಲಿ ಯಾರು ಬಂದರೂ ಸರಿ. ಸ್ಕೇಲ್ ನನ್ನ ಹತ್ತಿರ ಇದೆ.

ಇಂತಿ,
ಹನುಮಂತನಗರದ ಒಬ್ಬ ನಿವೃತ್ತ ಶಿಕ್ಷಕಿ